ಕೂಡಿದ ಎಲುಬು, ಆರದ ಉರಿ

ದಾವಲಸಾಬರ ಗರಡಿಯಲ್ಲಿ ನೋವಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಎತ್ತಿದವರನ್ನು ಕುಸ್ತಿ ಗುರುಗಳಾದ ಈ ವಸ್ತಾದರು ಅಖಾಡದಿಂದ ಹೊರಗೆ ನಿಲ್ಲಿಸುತ್ತಿದ್ದರು.

ಅವರ ಶಿಷ್ಯರಲ್ಲೆಲ್ಲ ಬೀರಪ್ಪನೇ ಮುಂದು. ಒಮ್ಮೆ ಕುಸ್ತಿಯಲ್ಲಿ ಅವನ ಬಲಗಾಲಿನ ಎಲುಬು ಪಾದದ ಕೀಲಿನ ಹತ್ತಿರ ಮುರಿಯಿತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ಬಿಚ್ಚಿದ ಮೇಲೆ ಎಕ್ಸ್‌ರೇ ನೋಡಿ, ಎಲುಬು ಸರಿಯಾಗಿ ಕೂಡಿದೆ ಎಂದರು.

ಬೀರಪ್ಪ ಗರಡಿಗೆ ಮರಳಿದ. ಆದರೆ ಬಲಗಾಲು ಊರಲು ಹಿಂಜರಿಯುತ್ತಿದ್ದ. ಪಾದಕ್ಕೆ ಕೆಂಡ ಇಟ್ಟ ಹಾಗೆ ಉರಿಯುತ್ತದೆ ಎಂದು ಗುರುವಿನ ಮುಂದೆ ಮೆಲ್ಲಗೆ ಹೇಳಿಕೊಂಡ. ದಾವಲಸಾಬರಿಗೆ ಸಿಟ್ಟು ಬಂತು.

"ಎಲುಬು ಕೂಡೈತಿ. ನಿನ್ನ ಕಾಲಾಗ ಉಳದಿದ್ದು ಬರೇ ಅಂಜಿಕಿ," ಎಂದರು.

ಬೀರಪ್ಪ ಮರಳಿ ಅಖಾಡಕ್ಕಿಳಿದ. ಹಲ್ಲು ಕಚ್ಚಿ ಬಸ್ಕಿ ಹೊಡೆದ. ತಮ್ಮ ಮಾತು ನಾಟಿತು ಎಂದು ವಸ್ತಾದರು ಸಮಾಧಾನಪಟ್ಟರು. ಕೆಲವು ತಿಂಗಳು ಹೀಗೇ ನಡೆಯಿತು. ಆಮೇಲೆ ಅವನು ಬರುವುದನ್ನೇ ಬಿಟ್ಟ.

ಬೈದು ಕರೆತರಬೇಕೆಂದು ದಾವಲಸಾಬರು ಅವನ ಮನೆಗೆ ಹೋದರು. ಮಧ್ಯಾಹ್ನ. ಬೀರಪ್ಪ ಗಾಢ ನಿದ್ದೆಯಲ್ಲಿದ್ದ. ನೊಣ ಕೂರಬಾರದೆಂದು ತಾಯಿ ಅವನ ಕಾಲಿಗೆ ತೆಳುವಾದ ಪಂಚೆ ಹೊದಿಸಲು ಹೋದಳು. ಅರಿವೆ ತಾಕಿದ್ದೇ ತಡ, ಅವನು ನಿದ್ದೆಯಲ್ಲೇ ನರಳಿ ಕಾಲೆಳೆದುಕೊಂಡ.

ವಸ್ತಾದರು ಬಾಗಿಲಲ್ಲೇ ನಿಂತುಬಿಟ್ಟರು. ನಿದ್ದೆಯಲ್ಲಿರುವವನು ಯಾರ ಮುಂದೆ ನಟಿಸುತ್ತಾನೆ? ಹತ್ತಿರ ಕುಳಿತು ಎರಡೂ ಪಾದ ನೋಡಿದರು. ಎಡಗಾಲು ಎಂದಿನಂತೆ ಇತ್ತು. ಬಲಗಾಲು ಬಾತು, ನೀಲಿಗಟ್ಟಿ, ಮಿರಮಿರ ಮಿಂಚುತ್ತಿತ್ತು. ಇಷ್ಟು ದಿನ ಕಣ್ಣೆದುರಿಗೇ ಇದ್ದ ಕಾಲು ಅದು.

ಮರುದಿನ ಅವನನ್ನು ಪಟ್ಟಣದ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರಮ್ಮ ಬೀರಪ್ಪನ ಮಾತನ್ನು ಕೊನೆತನಕ ಕೇಳಿದರು. ಎರಡೂ ಕಾಲುಗಳ ಬಿಸಿ, ಬಣ್ಣ, ಬಾವು ಹೋಲಿಸಿದರು. ಹತ್ತಿಯ ಎಳೆಯಿಂದ ಎಡಗಾಲು ಸವರಿದರು, ಅವನು ಸುಮ್ಮನಿದ್ದ. ಬಲಗಾಲು ಸವರಿದಾಗ ಕಣ್ಣಲ್ಲಿ ನೀರು ಬಂತು.

ಪೆಟ್ಟು ವಾಸಿಯಾದರೂ ನರಗಳು ನೋವನ್ನು ಸಾರುತ್ತಲೇ ಇರುವ ರೋಗವಿದು, ಎಲುಬಿನ ಎಕ್ಸ್‌ರೇ ಒಂದನ್ನೇ ನೋಡಿದರೆ ತಿಳಿಯುವುದಿಲ್ಲ ಎಂದು ಅವರು ವಿವರಿಸಿದರು. ಬೇಗ ಬಂದಿದ್ದರೆ ಒಳ್ಳೆಯದಿತ್ತು, ಮೊದಲೇ ಯಾಕೆ ಹೇಳಲಿಲ್ಲ ಎಂದು ಬೀರಪ್ಪನನ್ನು ಕೇಳಿದರು.

"ಅಂವ ಹೇಳಿದ್ದರಿ," ಎಂದರು ದಾವಲಸಾಬರು. "ನಾನ ಕೇಳಲಿಲ್ಲ."

ಔಷಧ, ಮೆಲ್ಲನೆಯ ವ್ಯಾಯಾಮ ಶುರುವಾದವು. ವರ್ಷ ಕಳೆಯುವುದರೊಳಗೆ ಉರಿ ತಗ್ಗಿತು, ಬೀರಪ್ಪ ನೆಲಕ್ಕೆ ಪಾದವೂರಿ ನಡೆದಾಡಿದ. ಕುಸ್ತಿ ಮಾತ್ರ ಅವನ ಪಾಲಿಗೆ ಮುಗಿದಿತ್ತು.

ನೀತಿ: ಗಾಯ ಮಾಯ್ದ ಮಾತ್ರಕ್ಕೆ ನೋವು ಹೋಯಿತೆಂದು ತಿಳಿಯಬಾರದು. ನೊಂದವರ ಮಾತನ್ನು ನಂಬುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ನಂಬದೆ ಕಳೆದ ಕಾಲವನ್ನು ಯಾವ ಔಷಧವೂ ಮರಳಿ ತಾರದು.