ಚಂಗಪ್ಪನ ಕಿವಿಯ ಗುಟ್ಟು

ಬಿದಿರುಹಳ್ಳದ ಕಾಡಿನಲ್ಲಿ, ಕೊಳದ ಪಕ್ಕ ಒಂದು ಹುಲ್ಲುಬಯಲಿತ್ತು. ಅಲ್ಲಿನ ಪ್ರಾಣಿಗಳಿಗೆ ಬೇಸ್‌ಬಾಲ್ ಹುಚ್ಚು. ನಗಬೇಡಿ ಮಕ್ಕಳೇ! ನಿಮಗೆ ಕ್ರಿಕೆಟ್ ಹುಚ್ಚಿಲ್ಲವೇ? ಹಾಗೇ ಇದೂ. ಗಟ್ಟಿ ಬೇಲದಕಾಯಿಯೇ ಚೆಂಡು. ದೊಣ್ಣೆಯಿಂದ ಅದನ್ನು ಹೊಡೆದು, ಬಯಲಿನ ನಾಲ್ಕು ಮೂಲೆ ಸುತ್ತಿ ಬರಬೇಕು. ಹೊಡೆದವರು ಮೊದಲ ಮೂಲೆ ಮುಟ್ಟುವ ಮುಂಚೆ ಚೆಂಡು ಅಲ್ಲಿಗೆ ತಲುಪಿದರೆ ಔಟ್.

ಎರಡನೇ ಮೂಲೆಗೂ ಮೂರನೇ ಮೂಲೆಗೂ ನಡುವೆ ಒಬ್ಬರು ನಿಲ್ಲುತ್ತಾರೆ. ಅವರಿಗೆ ಶಾರ್ಟ್‌ಸ್ಟಾಪ್ ಅಂತ ಹೆಸರು. ನೆಲಕ್ಕೆ ಉಜ್ಜಿಕೊಂಡು ಬರುವ ಚೆಂಡೆಲ್ಲ ಹೆಚ್ಚಾಗಿ ಅವರ ಕಡೆಗೇ ಬರುವುದು. ಕೊಳದ ತಂಡದಲ್ಲಿ ಆ ಜಾಗ ಮೊದಲಿನಿಂದಲೂ ಮೊಲ ಚಂಗಪ್ಪನದು. ಅವನು ನಿಂತೂ ನಿಂತೂ ಅಲ್ಲಿ ಹುಲ್ಲೇ ಬೆಳೆಯುತ್ತಿರಲಿಲ್ಲ.

"ಏನು ಕಾಲಪ್ಪಾ ಈ ಚಂಗಪ್ಪನದು!" ಎಂದು ಎಲ್ಲರೂ ಹೊಗಳುತ್ತಿದ್ದರು. ಆದರೆ ನಿಜವಾದ ಗುಟ್ಟು ಕಾಲಿನಲ್ಲಿರಲಿಲ್ಲ, ಕಿವಿಯಲ್ಲಿತ್ತು. ಚೆಂಡು ದೊಣ್ಣೆಗೆ ಬಡಿದ ಸದ್ದು 'ಟಕ್' ಅಂದರೆ ಅದು ಎಡಕ್ಕೆ ಬರುತ್ತದೆ, 'ದಪ್' ಅಂದರೆ ಬಲಕ್ಕೆ. ಉಳಿದವರು ಚೆಂಡನ್ನು ನೋಡುವಷ್ಟರಲ್ಲಿ ಅವನು ಹೊರಟೇ ಬಿಟ್ಟಿರುತ್ತಿದ್ದ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಈಗ ಚಂಗಪ್ಪನಿಗೆ ವಯಸ್ಸಾಗಿತ್ತು. ಕಿವಿ ಹೇಳಿದ ಕಡೆಗೆ ಕಾಲು ಹೋಗುತ್ತಿರಲಿಲ್ಲ. ಚೆಂಡು ಪಕ್ಕದಲ್ಲೇ ಸರ್ರನೆ ದಾಟಿ ಹೋಗುತ್ತಿತ್ತು, ತಂಡ ಸೋಲುತ್ತಿತ್ತು. ದಾಟಿದ ಚೆಂಡನ್ನು ಹಿಂದಿನಿಂದ ಓಡಿ ಹಿಡಿದು ತರುತ್ತಿದ್ದವಳು ಮುಂಗುಸಿ ಮಂಗಳೆ.

"ಅದು ಯಾರಿಗೂ ಸಿಗ್ತಿರಲಿಲ್ಲ ಬಿಡಿ, ಚಂಗಪ್ಪಣ್ಣ" ಅನ್ನುತ್ತಿದ್ದಳು ಪಾಪ, ಪ್ರತಿ ಸಲವೂ.

ಒಂದು ದಿನ ಅವಳು ಕೇಳಿದಳು, "ಅಣ್ಣಾ, ಚೆಂಡು ಎತ್ತ ಬರುತ್ತೆ ಅಂತ ನಿಮಗೆ ಮೊದಲೇ ಹೇಗೆ ಗೊತ್ತಾಗುತ್ತೆ?"

ಚಂಗಪ್ಪನ ಎದೆ ಧಸಕ್ಕೆಂದಿತು. ಗುಟ್ಟು ಹೇಳಿದರೆ ನನ್ನ ಜಾಗ ಹೋಯಿತಲ್ಲ!

"ಗೊತ್ತಾಗೋದೇನು ಬಂತು, ಎಲ್ಲ ಕಾಲಿನ ಚುರುಕು ಕಣಮ್ಮ" ಎಂದುಬಿಟ್ಟ.

ಮಂಗಳೆ ಅದನ್ನೇ ನಂಬಿ, ದಿನವೂ ಕೊಳ ಸುತ್ತಿ ಓಡತೊಡಗಿದಳು.

ಅಷ್ಟರಲ್ಲಿ ಗುಡ್ಡದ ತಂಡದೊಂದಿಗೆ ಪಂದ್ಯ ಬಂತು. ನಾಯಕಿ ಕರಡಿ ಬೊಮ್ಮಕ್ಕ ಹಿಂದಿನ ದಿನ ಎಲ್ಲರನ್ನೂ ಕರೆದಳು. "ನಾಳೆ ಆ ಜಾಗದಲ್ಲಿ ಯಾರು ನಿಲ್ಲಬೇಕು ಅಂತ ಇವತ್ತೇ ಪರೀಕ್ಷೆ ಮಾಡಿಬಿಡೋಣ" ಎಂದು ದೊಣ್ಣೆ ಎತ್ತಿಕೊಂಡಳು.

ಮೊದಲು ಬಂದ ಮುಸುವ ಕೋದಂಡ ಚೆಂಡನ್ನೇನೋ ಹಿಡಿದ. ಹಿಡಿದವನೇ ಎಲ್ಲರೂ ಚಪ್ಪಾಳೆ ತಟ್ಟಲಿ ಎಂದು ಮರ ಹತ್ತಿ ಕೂತ. "ಎಸೆಯೋ ಮಾರಾಯ!" ಎಂದು ಕೂಗಿದರೂ ಇಳಿಯಲಿಲ್ಲ. ಆಮೇಲೆ ಬಂದ ಮಂಗಳೆ ಗಾಳಿಯಂತೆ ಓಡಿದಳು, ಆದರೆ ಚೆಂಡು ಎಡಕ್ಕೆ ಬಂದರೆ ಇವಳು ಬಲಕ್ಕೆ! ಚಂಗಪ್ಪ ಸರಿಯಾದ ಕಡೆಗೇ ಹೋದ, ಆದರೆ ತಡವಾಗಿ. ಬೊಮ್ಮಕ್ಕ ನಿಟ್ಟುಸಿರುಬಿಟ್ಟು, "ಸರಿ, ಚಂಗಪ್ಪನೇ ನಿಲ್ಲಲಿ" ಎಂದಳು.

ಜಾಗ ಉಳಿಯಿತು! ಚಂಗಪ್ಪ ಖುಷಿಯಿಂದ ಮನೆ ಕಡೆ ಹೊರಟ. ಪೊದೆಯ ತನಕ ಹೋಗಿದ್ದನೋ ಇಲ್ಲವೋ, ಬಯಲಿನ ಆಚೆ ಇಬ್ಬರು ಮಾತಾಡುವುದು ಕೇಳಿಸಿತು. ಬೇರೆಯವರಿಗಾದರೆ ಅಷ್ಟು ದೂರದ ಮಾತು ಕೇಳಿಸುತ್ತಿರಲಿಲ್ಲ. ಆದರೆ ಅವನ ಕಿವಿ ಎಂಥದು ಅಂತ ನಿಮಗೆ ಗೊತ್ತಲ್ಲ.

"ಅವನಿಗೆ ಕಾಲು ಸೋತಿದೆ ಕಣೇ ಮಂಗಳೆ. ನನಗೆ ಎಂದೋ ಗೊತ್ತು. ಚಿಕ್ಕಂದಿನ ಗೆಳೆಯ, ಹೇಳೋಕೆ ಬಾಯೇ ಬರಲ್ಲ. ನಾಳೆ ನೀನೇ ನಿಂತುಬಿಡ್ತೀಯಾ?"

"ಬೇಡ ಬೊಮ್ಮಕ್ಕ. ಅಣ್ಣನ ಮನಸ್ಸು ನೋಯುತ್ತೆ. ಸೋತರೆ ಸೋಲೋಣ. ಹಿಂದೆ ನಾನಿದ್ದೀನಲ್ಲ, ದಾಟಿದ ಚೆಂಡು ಹಿಡೀತೀನಿ."

ಚಂಗಪ್ಪ ಅಲ್ಲೇ ಕುಸಿದು ಕೂತ. ಇಷ್ಟು ದಿನ ಎಲ್ಲರೂ ಸುಮ್ಮನಿದ್ದದ್ದು ಗೊತ್ತಿಲ್ಲದೆ ಅಲ್ಲ, ನನ್ನ ಮೇಲಿನ ಪ್ರೀತಿಗೆ. ನಾನು ಮಾತ್ರ ಈ ಹುಡುಗಿಗೆ ಸುಳ್ಳು ಹೇಳಿದೆನಲ್ಲ!

ಬೆಳಗಾಗುತ್ತಲೇ ಮಂಗಳೆಯ ಬಿಲದ ಬಾಗಿಲಲ್ಲಿ ಅವನು ಹಾಜರು.

"ಏಳಮ್ಮಾ, ಬಯಲಿಗೆ ಬಾ. ಇವತ್ತು ಆ ಜಾಗದಲ್ಲಿ ನೀನು ನಿಲ್ಲಬೇಕು. ಕಾಲಿನ ಚುರುಕು ಅಂದಿದ್ದೆನಲ್ಲ, ಅದು ಸುಳ್ಳು. ನನ್ನ ಜಾಗ ಹೋಗುತ್ತೆ ಅಂತ ಹೆದರಿ ಹೇಳಿದೆ. ತಪ್ಪಾಯ್ತು ಕಣಮ್ಮ."

ಮಂಗಳೆ ಕಣ್ಣು ಪಿಳಿಪಿಳಿ ಬಿಟ್ಟಳು. "ಹಾಗಾದ್ರೆ ನೀವು?"

"ನನ್ನದಿರಲಿ. ಬಯಲಲ್ಲಿ ಕಣ್ಣು ಮುಚ್ಚಿ ನಿಂತು, ಬರೀ ಕೇಳು. 'ಟಕ್' ಅಂದರೆ ಎಡ, 'ದಪ್' ಅಂದರೆ ಬಲ."

ಚಂಗಪ್ಪ ಮೊದಲೇ ಕರೆದಿದ್ದ ಬೊಮ್ಮಕ್ಕ ಬಯಲಿಗೆ ಬಂದು ಹೊಡೆದಳು. ಟಕ್. ದಪ್. ಟಕ್. ಮೊದಮೊದಲು ಮಂಗಳೆಗೆ ಒಂದೂ ತಿಳಿಯಲಿಲ್ಲ. "ನನ್ನ ಈ ಪುಟ್ಟ ಕಿವಿಗೆ ಇದೆಲ್ಲ ಆಗೋದಲ್ಲ ಅಣ್ಣಾ" ಎಂದು ಅಳುಮೋರೆ ಮಾಡಿದಳು. "ಆಗುತ್ತೆ, ಇನ್ನೊಂದು ಸಲ" ಅಂದ ಚಂಗಪ್ಪ. ಬಿಸಿಲು ಏರುವ ಹೊತ್ತಿಗೆ ಅವಳು ಕಣ್ಣು ಮುಚ್ಚಿಕೊಂಡೇ "ಎಡ! ಬಲ!" ಎಂದು ಸರಿಯಾಗಿ ಹೇಳುತ್ತಿದ್ದಳು.

ಪಂದ್ಯ ಶುರುವಾಯಿತು. ಹುಲ್ಲು ಬೆಳೆಯದ ಆ ಜಾಗದಲ್ಲಿ ಮಂಗಳೆ ನಿಂತಳು. ಚಂಗಪ್ಪ ಆಟದ ಗೆರೆಯ ಹೊರಗೆ ಕೂತು ಆ ಜಾಗವನ್ನೇ ನೋಡುತ್ತಿದ್ದ.

ಕೊನೆಯ ಹೊಡೆತ ಬಂತು. ಹೊಡೆಯಲು ಬಂದದ್ದು ಗುಡ್ಡದ ಕಾಡುಹಂದಿ. ಚೆಂಡು ದಾಟಿದರೆ ಗುಡ್ಡದವರ ಗೆಲುವು, ನಿಂತರೆ ಕೊಳದವರ ಗೆಲುವು.

ಟಕ್!

ಚಂಗಪ್ಪನ ಕಾಲು ತಾನಾಗಿ ಎಡಕ್ಕೆ ಎಳೆಯಿತು. 'ಎಡಕ್ಕಮ್ಮಾ' ಎಂದು ಕೂಗಲು ಬಾಯಿವರೆಗೂ ಬಂದದ್ದನ್ನು ನುಂಗಿಕೊಂಡು ತಲೆ ಎತ್ತಿ ನೋಡಿದ. ಮಂಗಳೆ ಆಗಲೇ ಎಡಕ್ಕೆ ಓಡಿದ್ದಳು! ಚೆಂಡನ್ನು ಬಾಚಿ, ಮೊದಲ ಮೂಲೆಯಲ್ಲಿದ್ದ ಬೊಮ್ಮಕ್ಕನಿಗೆ ಎಸೆದಳು. ಹಂದಿ ಇನ್ನೂ ದಾರಿಯಲ್ಲಿತ್ತು.

ಔಟ್! ಕೊಳದ ಕಪ್ಪೆಗಳೆಲ್ಲ ಒಟ್ಟಿಗೆ ವಟಗುಟ್ಟಿದವು.

ಎಲ್ಲರೂ ಎತ್ತಿಕೊಳ್ಳಲು ಬಂದರೆ ಮಂಗಳೆ ಸಿಗಬೇಕಲ್ಲ? ಅವಳು ನೇರ ಗೆರೆಯ ಹತ್ತಿರ ಓಡಿಬಂದಿದ್ದಳು.

"ಅಣ್ಣಾ, 'ಎಡಕ್ಕಮ್ಮಾ' ಅಂತ ನೀವು ಕೂಗಿದ್ರಲ್ಲ?"

"ಇಲ್ಲ ಕಣಮ್ಮ, ನಾನು ಬಾಯೇ ಬಿಡಲಿಲ್ಲ."

"ನನಗೆ ನಿಮ್ಮ ದನಿಯೇ ಕೇಳಿಸ್ತು" ಎಂದಳು ಮಂಗಳೆ.

ಚಂಗಪ್ಪ ಉದ್ದನೆಯ ಕಿವಿ ಎಳೆದುಕೊಂಡು ಕಣ್ಣು ಒರೆಸಿಕೊಂಡ.

ನೀತಿ: ಗೊತ್ತಿರುವುದನ್ನು ಬಚ್ಚಿಟ್ಟು ಜಾಗ ಉಳಿಸಿಕೊಳ್ಳಲು ಆಗುವುದಿಲ್ಲ; ಮನಸಾರೆ ಕಲಿಸಿಕೊಟ್ಟರೆ, ನಾವು ಬಿಟ್ಟುಬಂದ ಜಾಗದಲ್ಲೂ ನಾವು ಇರುತ್ತೇವೆ.