ಕೆಂಚನಾಯಕನ ಗುಟ್ಟಿನ ಓಲೆ

೧೯೬೭ನೆಯ ಇಸವಿ ಆಗಸ್ಟ್ ೨೦, ಭಾನುವಾರ. ‘ಅತ್ತೆಯವರು ಹಪ್ಪಳ ಒತ್ತುತ್ತಾ ಹೊನ್ನಗಡದ ಕತೆ ಹೇಳಿದರು. ನಗುವಿನಲ್ಲಿ ಎರಡು ಹಪ್ಪಳ ಹರಿದವು’ ಎಂದು ನನ್ನ ಡೈರಿಯಲ್ಲಿದೆ. ಕತೆ ಇದು.

ಹೊನ್ನಗಡದ ಅರಸ ಕೆಂಚನಾಯಕ ಒಂದು ದಿನ ಓಲಗದಲ್ಲಿ ಮೀಸೆ ತೀಡುತ್ತಾ, “ನನ್ನ ಓಲೆಯನ್ನು ಸಂತೆಯ ಕಂಬಕ್ಕೆ ಕಟ್ಟಿದರೂ ಓದಬಲ್ಲವನು ಭೂಮಿಯ ಮೇಲೆ ಹುಟ್ಟಿಲ್ಲ” ಎಂದ.

ಅವನ ಓಲೆಯಲ್ಲಿ ಅಕ್ಷರಗಳೇ ಇರುತ್ತಿರಲಿಲ್ಲ. ಪ್ರಧಾನಿ ಸೂರಪ್ಪಯ್ಯ ಒಂದೊಂದು ಅಕ್ಷರಕ್ಕೂ ಒಂದೊಂದು ಚಿತ್ರ ಗೊತ್ತುಮಾಡಿದ್ದ. ‘ರ’ ಬರುವಲ್ಲಿ ಏಡಿ, ‘ಗ’ ಬರುವಲ್ಲಿ ಒನಕೆ, ಹೀಗೆ. ಪಟ್ಟಿ ಇಲ್ಲದವನ ಕಣ್ಣಿಗೆ ಅದು ಮಕ್ಕಳು ಗೋಡೆಗೆ ಗೀಚಿದ ಹಾಗೆ ಕಾಣುತ್ತಿತ್ತು.

ಓಲೆಗಳು ಹೋಗುತ್ತಿದ್ದದ್ದು ಬಂದರಿಗೆ. ಅಲ್ಲಿ ಹಡಗಿನಿಂದ ಇಳಿಯುವ ಕುದುರೆಗಳನ್ನು ಕೊಳ್ಳಲು ರಾಣಿಯ ತಮ್ಮ ಕೂತಿದ್ದ. ಕುದುರೆಗೆ ಹೆಚ್ಚೆಂದರೆ ಎಷ್ಟು ವರಹದವರೆಗೆ ಹೋಗಬಹುದು ಎಂದು ಅರಸ ಅವನಿಗೆ ಗುಟ್ಟಾಗಿ ಬರೆಯುತ್ತಿದ್ದ. ಆದರೆ ಕುದುರೆ ವ್ಯಾಪಾರಿ ಪ್ರತಿ ಸಲವೂ ಸರಿಯಾಗಿ ಅಷ್ಟನ್ನೇ ಕೇಳುತ್ತಿದ್ದ. ಒಂದು ವರಹವೂ ಇಳಿಯುತ್ತಿರಲಿಲ್ಲ.

ಓಲೆ ಓದಲು ಬರುವುದಿಲ್ಲ ಎಂದ ಮೇಲೆ ಯಾರೋ ಪಟ್ಟಿಯನ್ನು ಮಾರಿಕೊಂಡಿರಬೇಕು. ಪಟ್ಟಿ ಬಲ್ಲವರು ನಾಲ್ವರು. ಒಬ್ಬ ಅರಸ, ಒಬ್ಬ ಪ್ರಧಾನಿ, ಒಬ್ಬ ರಾಣಿಯ ತಮ್ಮ. ಉಳಿದವನು ಓಲೆ ಬರೆಯುವ ಕರಣಿಕ ಮಾದರಸ. ವಿಚಾರಣೆ ಬೇಗ ಮುಗಿಯಿತು. ಸಂಜೆಯೊಳಗೆ ಅವನ ಬಲಗೈ ಕಡಿಯಬೇಕೆಂದು ಅಪ್ಪಣೆಯಾಯಿತು.

ಆಸ್ಥಾನದಲ್ಲಿ ದೇಮಾಜಮ್ಮ ಎಂಬ ಕತೆಗಾರ್ತಿ ಇದ್ದಳು. ಊಟವಾದ ಮೇಲೆ ಅರಸನಿಗೆ ಕತೆ ಹೇಳುವುದು ಅವಳ ಉದ್ಯೋಗ. ಮಾದರಸನನ್ನು ಅವಳು ಚಿಕ್ಕಂದಿನಿಂದ ಬಲ್ಲಳು. ಅವನಿಗೆ ಸುಳ್ಳು ಹೇಳಲು ಬಾರದು. ಅವಳು ಹೇಳುವ ಕತೆಗಳನ್ನೇ ನಿಜವೆಂದು ನಂಬುವ ಪ್ರಾಣಿ. ಅವಳು ಎದ್ದು ನಿಂತು, ಪಟ್ಟಿ ನೋಡದೆಯೇ ಅಂಥ ಓಲೆಯನ್ನು ತಾನು ಓದುತ್ತೇನೆ ಎಂದಳು.

ಸೂರಪ್ಪಯ್ಯ ನಕ್ಕ. “ಇದು ಕಾಗಕ್ಕ ಗುಬ್ಬಕ್ಕನ ಕತೆಯಲ್ಲಮ್ಮ.”

“ಹೌದಪ್ಪ, ಅದರಲ್ಲಿ ಕಾಗೆಗೂ ಸ್ವಲ್ಪ ಬುದ್ಧಿ ಇರುತ್ತೆ” ಎಂದಳು ದೇಮಾಜಮ್ಮ.

ಪಂಥವಾಯಿತು. ಸೂರಪ್ಪಯ್ಯ ಹಳೆಯ ಪಟ್ಟಿಯನ್ನು ಸುಟ್ಟು, ಬಾಗಿಲು ಹಾಕಿಕೊಂಡು ಹೊಸದನ್ನು ಮಾಡಿದ. ಓಲೆಯನ್ನೂ ತಾನೇ ಬರೆದ. ಓದಿದರೆ ಮಾದರಸನ ಕೈ ಉಳಿಯುತ್ತದೆ, ಓದದಿದ್ದರೆ ಅದರ ಜೊತೆಗೆ ದೇಮಾಜಮ್ಮನ ನಾಲಗೆಯೂ ಹೋಗುತ್ತದೆ ಎಂದು ಕೆಂಚನಾಯಕ ಸಾರಿದ.

ದೇಮಾಜಮ್ಮ ಓಲೆಯನ್ನು ಹಿಡಿದು ಸೀದಾ ಅರಮನೆಯ ಬಾಗಿಲಿಗೆ ಹೋದಳು. ಅಲ್ಲಿ ಹೊಗಳುಭಟ ಪರಪ್ಪ ಗೋಡೆಗೆ ಒರಗಿ ಕೂತಿದ್ದ. ಅರಸ ಹೊರಗೆ ಬಂದಾಗಲೆಲ್ಲ ಬಿರುದುಗಳನ್ನು ಕೂಗುವುದು ಅವನ ಕೆಲಸ. ಅವನ್ನು ಒಂದು ಸಲ ನಿಧಾನವಾಗಿ ಹೇಳು ಎಂದು ಕೇಳಿದಳು. ಹುಟ್ಟಿದಾಗಿನಿಂದ ಹಾಗೆ ಯಾರೂ ಕೇಳಿರಲಿಲ್ಲ. ಪರಪ್ಪನ ಕಣ್ಣು ತುಂಬಿ ಬಂತು. ಅವನು ಹೇಳುತ್ತಾ ಹೋದ, ಅವಳು ಸುಣ್ಣದ ಕಡ್ಡಿಯಿಂದ ಕಲ್ಲುಹಾಸಿನ ಮೇಲೆ ಬರೆಯುತ್ತಾ ಹೋದಳು. ಬಿಸಿಲು ಇಳಿಯುವ ಹೊತ್ತಿಗೆ ಸೀರೆಗೆ ಕೈ ಒರೆಸಿಕೊಂಡು ಓಲಗಕ್ಕೆ ಬಂದಳು.

“ಮೊದಲು ಪ್ರಭುಗಳ ಬಿರುದುಗಳಿವೆ. ಆಮೇಲೆ, ‘ದೇಮಾಜಮ್ಮನ ಬಾಯಿ ಊರಗಲ, ಬುದ್ಧಿ ಉಗುರಗಲ’ ಅಂತ ಬರೆದಿದೆ. ನಾನು ಓದಿದ್ದು ಸರಿಯೇ ಪ್ರಧಾನಿಗಳೇ? ಬರೆದದ್ದು ಸರಿಯೋ ಅಂತ ಕೇಳ್ತಿಲ್ಲ.”

ಸೂರಪ್ಪಯ್ಯ ತನ್ನ ಕಾಲಬೆರಳನ್ನು ನೋಡಿಕೊಂಡ. ಕೆಂಚನಾಯಕ ಸಿಂಹಾಸನದಿಂದ ಅರ್ಧ ಎದ್ದ.

“ಗುಟ್ಟು ಬಿಟ್ಟುಕೊಟ್ಟವನು ಯಾರು? ಹೆಸರು ಹೇಳು.”

“ಹೆಸರು ಬಹಳ ಉದ್ದ ಪ್ರಭು, ನನ್ನ ಉಸಿರು ಗಿಡ್ಡ. ಪರಪ್ಪನನ್ನು ಕರೆಸಿ.”

ಪರಪ್ಪ ಬಂದ. ಬಾಗಿಲಲ್ಲಿ ತನಗೆ ಹೇಳಿದ್ದನ್ನೇ ಹೇಳು ಎಂದಳು ದೇಮಾಜಮ್ಮ. ಅವನು ಎದೆಯುಬ್ಬಿಸಿ ಕೂಗಿದ. ರಾಜಾಧಿರಾಜ, ಗಜಗರ್ವಭಂಜನ, ಹುಲಿಯ ಮೀಸೆ ಕಿತ್ತ ವೀರ, ಹನ್ನೆರಡು ಕೋಟೆಗಳ ಗಂಡ. (ಇದ್ದದ್ದು ಒಂದೇ ಕೋಟೆ, ಅದರ ಉತ್ತರದ ಗೋಡೆಯೂ ಬಿದ್ದಿತ್ತು.) ಕೊನೆಗೆ, ಕೆಂಚನಾಯಕ ಮಹಾಪ್ರಭು, ಎಂದು ನಿಲ್ಲಿಸಿ ಕೈಮುಗಿದ.



ದೇಮಾಜಮ್ಮ ತಗ್ಗಿದ ದನಿಯಲ್ಲಿ ಬಿಡಿಸಿ ಹೇಳಿದಳು. ಅರಸನ ಯಾವ ಓಲೆಯಾದರೂ ಬಿರುದುಗಳಿಲ್ಲದೆ ಹೊರಡುವುದಿಲ್ಲ, ಗುಟ್ಟಿನ ಓಲೆಯೂ ಹೊರಡುವುದಿಲ್ಲ. ಬಿರುದುಗಳು ಬಂದರಿನ ಮೀನುಗಾರ್ತಿಗೂ ಬಾಯಿಪಾಠ. ಮೊದಲ ಚಿತ್ರದ ಕೆಳಗೆ ‘ರಾಜಾಧಿರಾಜ’ದ ಮೊದಲ ಅಕ್ಷರ, ಎರಡನೆಯದರ ಕೆಳಗೆ ಎರಡನೆಯದು. ಬಿರುದು ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಅಕ್ಷರದ ಚಿತ್ರವೂ ಸಿಕ್ಕಿಬಿಡುತ್ತದೆ, ಉಳಿದದ್ದನ್ನು ಊಹಿಸಬಹುದು. ಪಟ್ಟಿಯನ್ನು ದಿನಕ್ಕೊಂದು ಮಾಡಿದರೂ ಅಷ್ಟೆ. ವ್ಯಾಪಾರಿ ಯಾರಿಗೂ ಲಂಚ ಕೊಡಬೇಕಾಗಿರಲಿಲ್ಲ. ಓಲೆಕಾರನಿಗೆ ಛತ್ರದಲ್ಲಿ ಒಂದು ಊಟ ಹಾಕಿ, ಅವನು ತೂಕಡಿಸುವಾಗ ನಕಲು ಮಾಡಿಕೊಂಡರೆ ಸಾಕಾಗಿತ್ತು.

“ಹಾಗಾದರೆ ನಾನೇ ದ್ರೋಹಿಯೋ?” ಎಂದ ಕೆಂಚನಾಯಕ. ಅವನ ಕೈ ಕತ್ತಿಯ ಹಿಡಿಯ ಮೇಲಿತ್ತು.

“ಅಷ್ಟು ದೊಡ್ಡ ಮಾತು ನನಗೆ ಬಾರದು ಪ್ರಭು. ತಾವು ಬೊಕ್ಕಸಕ್ಕೆ ಭದ್ರವಾಗಿ ಬೀಗ ಹಾಕಿಸಿದಿರಿ. ಬೀಗದಕೈಯನ್ನು ಮಾತ್ರ ಪಲ್ಲಕ್ಕಿಯಲ್ಲಿ ಕೂರಿಸಿ, ಮುಂದೆ ವಾಲಗ ಹಿಡಿಸಿ, ಬೀದಿಬೀದಿ ಮೆರವಣಿಗೆ ಮಾಡಿಸಿದಿರಿ.”

ಅರಸ ಸುತ್ತ ನೋಡಿದ. ನಗಬೇಕೋ ಬೇಡವೋ ತಿಳಿಯದೆ ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ತಾನೇ ಮೊದಲು ನಕ್ಕರೆ ಮಾನ ಉಳಿಯುತ್ತದೆ ಎಂಬಷ್ಟು ಬುದ್ಧಿ ಅವನಿಗೆ ಇತ್ತು. ಹೊಟ್ಟೆ ಹಿಡಿದು ನಕ್ಕ. ತನ್ನ ಹೆಗಲ ಶಾಲು ತೆಗೆದು ದೇಮಾಜಮ್ಮನಿಗೆ ಹೊದಿಸಿದ.

ಕೊನೆಗೆ ಇದಕ್ಕೆ ಆದ ಖರ್ಚು ಹೀಗೆ. ಗುಟ್ಟಿನ ಓಲೆಗಳಿಂದ ಬಿರುದುಗಳು ಹೋದವು, ಬೀದಿಯಲ್ಲಿ ಮೊದಲಿನಂತೆಯೇ ಇದ್ದವು. ವ್ಯಾಪಾರಿಗೆ ಹೆಚ್ಚಿಗೆ ತೆತ್ತ ಹಣವನ್ನು ಸೂರಪ್ಪಯ್ಯ ಕುದುರೆಗಳ ಹುರುಳಿಯ ಖರ್ಚಿಗೆ ಸೇರಿಸಿ ಬರೆಸಿದ. ಮಾದರಸನ ಕೈ ಉಳಿಯಿತು. ಸೆರೆಮನೆಯಲ್ಲಿ ವಿಚಾರಣೆಯ ಹೊತ್ತಿಗೆ ಅವನ ಮುಂದಿನ ಎರಡು ಹಲ್ಲು ಹೋಗಿದ್ದವು. ಅವನ್ನು ಯಾರ ಲೆಕ್ಕಕ್ಕೂ ಬರೆಯಲಿಲ್ಲ.