ನಾಗರ ಅಮಾವಾಸ್ಯೆಯ ಪ್ರತಿ

ಅಡಿವೆಪ್ಪ ಅವ್ವಾರ ಹಾಗೆಯೇ ಕುಂಟುತ್ತಿದ್ದ.

ಅವ್ವಾರು ಅಂದರೆ ಆಶ್ರಮದ ಗುರು. ಅವರಿಗೆ ಹೆಸರು ಬೇರೆ ಇತ್ತು, ಯಾರೂ ಅದರಿಂದ ಕರೆಯುತ್ತಿರಲಿಲ್ಲ. ಹರೆಯದಲ್ಲಿ ದೇಶ ಸುತ್ತಿದವರು, ಯಾವುದೋ ಘಾಟಿನಲ್ಲಿ ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಲಗಾಲಿನ ಮೊಣಕಾಲು ಕೆಡಿಸಿಕೊಂಡಿದ್ದರು.

ಅಡಿವೆಪ್ಪನ ಕಾಲಿಗೆ ಏನೂ ಆಗಿರಲಿಲ್ಲ. ಗುರುವಿನ ಹಿಂದೆ ನಡೆದೂ ನಡೆದೂ ಆ ನಡಿಗೆ ಅಂಟಿಕೊಂಡಿತ್ತು. ಮಾತಿಗೆ ಮುಂಚೆ ಅವ್ವಾರು ಸಣ್ಣಗೆ ಕೆಮ್ಮುತ್ತಿದ್ದರು. ಅದೂ ಅವನಿಗೆ ಬಂದಿತ್ತು.

ಹೊಸಬರು ತಾಯಿ-ಮಗ ಅಂದುಕೊಳ್ಳುತ್ತಿದ್ದರು. ಅಡಿವೆಪ್ಪನಿಗೆ ಅದು ಹೆಮ್ಮೆ.

ಆಶ್ರಮ ಹೊಳೆಯ ದಂಡೆಗಿತ್ತು. ಒಂದು ಕಾಲಕ್ಕೆ ದನ ಕಟ್ಟುತ್ತಿದ್ದ ಕೋಣೆಯಲ್ಲಿ ಈಗ ಹಳೆಯ ಕಂಪ್ಯೂಟರುಗಳಿದ್ದವು. ಯಾರೋ ಬೇಡವೆಂದು ಕೊಟ್ಟವು. ಅವಕ್ಕೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಹಾಕಿಸಿದ್ದು ಅವ್ವಾರೇ.

"ಪುಕ್ಕಟೆ ಸಿಗತೈತಿ ಅಂತ ಹಾಕಿಸೀರೇನ್ರಿ?" ಎಂದು ಭಕ್ತರೊಬ್ಬರು ಕೇಳಿದ್ದರು.

"ಪುಕ್ಕಟೆ ಅಂತಲ್ಲ. ಬಿಚ್ಚಿ ನೋಡಾಕ ಬರತೈತಿ ಅಂತ. ಬಿಚ್ಚಿ ನೋಡಬಾರದು ಅನ್ನೂ ಪೆಟಗಿ ಮನ್ಯಾಗಿದ್ರ ನನಗ ನಿದ್ದಿ ಬರೂದಿಲ್ಲ."

ಆ ಕಂಪ್ಯೂಟರುಗಳ ಹೊಟ್ಟೆಯಲ್ಲಿದ್ದದ್ದು ತತ್ವಪದಗಳು. ಸುತ್ತಲ ಊರುಗಳ ಭಜನೆಯವರು ಅಮಾವಾಸ್ಯೆಗೆ ಬಂದು, ಆಶ್ರಮದ ಪಡಸಾಲೆಯಲ್ಲಿ ಕೂತು ಹಾಡುತ್ತಿದ್ದರು. ಅಡಿವೆಪ್ಪ ಅದನ್ನು ಧ್ವನಿಮುದ್ರಿಸಿಕೊಂಡು, ಯಾವ ಅಮಾವಾಸ್ಯೆಯೋ ಆ ಹೆಸರಿನ ಫೋಲ್ಡರಿನಲ್ಲಿ ಇಡುತ್ತಿದ್ದ. ಮಣ್ಣೆತ್ತಿನ ಅಮಾವಾಸ್ಯೆ, ನಾಗರ ಅಮಾವಾಸ್ಯೆ, ಹೀಗೆ.

ದಿನಾ ದೀಪ ಹಚ್ಚುವ ಹೊತ್ತಿಗೆ ಎರಡನೆಯ ಡಿಸ್ಕು ಜೋಡಿಸಿ, ಕಪ್ಪು ಪರದೆಯ ಮೇಲೆ ಒಂದು ಸಾಲಿನ ಆಜ್ಞೆ ಬರೆಯುತ್ತಿದ್ದ. ಮೊದಲ ಡಿಸ್ಕಿಗೆ ಹೊಸದಾಗಿ ಬಂದದ್ದೆಲ್ಲ ಎರಡನೆಯದಕ್ಕೆ ಹೋಗುತ್ತಿತ್ತು. ಮೊದಲನೆಯದರಲ್ಲಿ ಇಲ್ಲದ್ದು ಎರಡನೆಯದರಿಂದ ಅಳಿಸಿಹೋಗುತ್ತಿತ್ತು.

"ನೋಡ್ರಿ ಅವ್ವಾರೆ, ಕನ್ನಡಿ ಇದ್ದಂಗ. ಕೂದಲೆಳಿಯಷ್ಟು ಫರಕಿಲ್ಲ."

"ಇದರಾಗ ತಪ್ಪಿದ್ರ?"

"ಅದರಾಗೂ ಅದ ತಪ್ಪು ಇರತೈತ್ರಿ."

"ಹಂಗಾರ ನಮ್ಮ ಹತ್ರ ಒಂದ ಐತಿ."

ಅಡಿವೆಪ್ಪ ಡಿಸ್ಕುಗಳನ್ನು ನೋಡಿದ. "ಎರಡು ಅದಾವಲ್ರಿ."

ಅವ್ವಾರು ಕೆಮ್ಮಿ ಹೊರಗೆ ಹೋದರು.

ಅಡಿವೆಪ್ಪ ಕೂತು ಯೋಚಿಸಿದ. ಎರಡು ಕಾಣುತ್ತವೆ, ಇರುವುದು ಒಂದೇ. ಇದು ವೇದಾಂತ ಎಂದುಕೊಂಡ. ತೃಪ್ತಿಯಿಂದ ದೀಪಕ್ಕೆ ಎಣ್ಣೆ ಹಾಕಿದ.

ಕಲ್ಲವ್ವ ಅಂತ ಇನ್ನೊಬ್ಬಳು ಶಿಷ್ಯೆ. ಅವಳ ಬಾಯಲ್ಲಿ "ಹೂಂ" ಬರುವುದಕ್ಕೆ ಮೊದಲು "ಯಾಕ" ಬರುತ್ತಿತ್ತು. ಅವ್ವಾರು ಅವಳಿಗೂ ಒಂದು ಡಿಸ್ಕು ಕೊಟ್ಟು, ಅಡಿವೆಪ್ಪನ ಹಾಗೆ ನೀನೂ ದಿನಾ ಪ್ರತಿ ತೆಗೆದಿಡು ಎಂದಿದ್ದರು.

"ಯಾಕ್ರಿ? ಅಣ್ಣ ತಗೀತಾನಲ್ಲ. ಒಂದ ಮಾರಿಗೆ ಎರಡು ಕನ್ನಡಿ ಏನ ಮಾಡೂದು?"

ಅವಳು ಪ್ರತಿ ತೆಗೆಯುತ್ತಿದ್ದದ್ದು ಅಮಾವಾಸ್ಯೆ ಕಳೆದ ಮೇಲೆ, ಅದೂ ಮನಸ್ಸು ಬಂದರೆ. ಹೊಸದನ್ನು ಸೇರಿಸುತ್ತಿದ್ದಳು, ಹಳೆಯದನ್ನು ಅಳಿಸುತ್ತಿರಲಿಲ್ಲ. ಆಮೇಲೆ ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ದಾಸೋಹದ ಅಡುಗೆಮನೆಯ ಅಕ್ಕಿ ಡಬ್ಬಿಯಲ್ಲಿ ಹುಗಿಯುತ್ತಿದ್ದಳು. ತೇವ ಹಿಡಿಯಬಾರದು ಎಂದು.

ಅಡಿವೆಪ್ಪನಿಗೆ ಇದನ್ನು ಸಹಿಸಲಾಗಲಿಲ್ಲ. ಅವ್ವಾರ ಹತ್ತಿರ ದೂರು ಒಯ್ದ.

"ನಿಮ್ಮ ಮಾತು ಮೀರಾಕ್ಹತ್ಯಾಳ್ರಿ."

"ಮೀರಲಿ."

"ಅಕಿ ಡಿಸ್ಕಿನ್ಯಾಗ ಬರೇ ಹಳೇ ಕಸ ಐತ್ರಿ."

"ಇರಲಿ."

ಅವಳ ಮೇಲೆ ಅವ್ವಾರಿಗೆ ಮಮತೆ ಹೆಚ್ಚು ಎಂದುಕೊಂಡು ಅಡಿವೆಪ್ಪ ತನ್ನ ಕೆಲಸಕ್ಕೆ ಹೋದ.

ಒಂದು ದಿನ ಮೊದಲ ಡಿಸ್ಕು ತುಂಬಿತು. ಇನ್ನು ಜಾಗವಿಲ್ಲ ಎಂದು ಪರದೆಯ ಮೇಲೆ ಬಂತು.

"ನಾಗರ ಅಮಾಸಿದು ತಗದು ಒಗಿ" ಎಂದರು ಅವ್ವಾರು. "ಅವತ್ತಿಂದು ಬರೇ ಪಂಪಿನ ಸದ್ದು."

ಅಡಿವೆಪ್ಪನ ಕೈ ತಡೆಯಿತು. ಪಂಪಿನ ಸದ್ದು ತುಂಬಿದ್ದು ಮಣ್ಣೆತ್ತಿನ ಅಮಾವಾಸ್ಯೆಯದರಲ್ಲಿ. ಪಕ್ಕದ ಹೊಲದವರು ಅವತ್ತು ಪಂಪು ನಿಲ್ಲಿಸಿರಲೇ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಕೇಳಿದವನು ಅವನೇ. ನಾಗರ ಅಮಾವಾಸ್ಯೆಯಂದು ಹಾಡಿದ್ದು ಹೊಳೆಯಾಚೆಯ ದಾವಲಸಾಬರು. ನೀರಿನಂಥ ಧ್ವನಿ.

ಆದರೆ ಹೇಳಿದವರು ಅವ್ವಾರು. ಏನೋ ಕಾರಣ ಇದ್ದೀತು.

ಅಳಿಸಿದ. ಜಾಗ ಬೇಕಿತ್ತಲ್ಲ, ಕಂಪ್ಯೂಟರಿನ ಕಸದಬುಟ್ಟಿಯನ್ನೂ ಖಾಲಿ ಮಾಡಿದ. ಸಂಜೆ ಎರಡನೆಯ ಡಿಸ್ಕು ಜೋಡಿಸಿದ. ಕನ್ನಡಿ ತನ್ನ ಕೆಲಸ ತಾನು ಮಾಡಿತು.

ದಸರೆ ಕಳೆದ ಮೇಲೆ ಆಶ್ರಮದ ಮುಂದೆ ಒಂದು ಟಂಟಂ ಆಟೋ ಬಂದು ನಿಂತಿತು. ಅದರಿಂದ ದಾವಲಸಾಬರನ್ನು ಅವರ ಮಗಳು ಮಾಬುಬಿ ತಬ್ಬಿ ಇಳಿಸಿದಳು. ಅವರಿಗೆ ಲಕ್ವಾ ಹೊಡೆದಿತ್ತು. ಬಲಗೈ ಹೋಗಿತ್ತು, ಮಾತು ಹೋಗಿತ್ತು. ಎಡಗೈ ಒಂದು ಉಳಿದಿತ್ತು.

ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಮಾಬುಬಿ ಅವ್ವಾರ ಮುಂದೆ ಕೂತಳು.

"ಬರೂ ಅಮಾಸಿಗೆ ಅಪ್ಪನ ಜಾಗಾದಾಗ ನಾ ಕುಂದರಬೇಕ್ರಿ ಅವ್ವಾರೆ. ದಿನಾ ಅವನ ಮುಂದ ಹಾಡ್ತೀನಿ. ಎಡಗೈಲೆ ತಾಳ ಹಾಕ್ತಾನ. ಒಂದು ಪದದಾಗ ಮಾತ್ರ ನಾಕನೇ ನುಡಿಗೆ ಬಂದಕೂಡ್ಲೆ ಕೈ ನಿಲ್ಲಸ್ತಾನ."

"ತಪ್ಪು ಹಾಡ್ತಿದ್ದಿ?"

"ಹಂಗ ಅಂದಕೊಂಡೀನ್ರಿ. ಮಾತು ಬದಲಿ ಮಾಡಿ ಮಾಡಿ ನೋಡಿದೆ. ಮತ್ತ ಅಲ್ಲೇ ನಿಲ್ಲಸ್ತಾನ. ಆಮ್ಯಾಲ ಸಿಟ್ಟಿಗೆದ್ದು ಮಾರಿ ತಿರುವ್ತಾನ. ಊಟಕ್ಕ ಬಾಯಿ ತಗಿಯಂಗಿಲ್ಲ. ಏನ ತಪ್ಪೈತಿ ಅಂತ ಹೇಳಾಕ ಮಾತಿಲ್ಲ. ಬರಿಯಾಕ ಅವಗ ಮೊದಲ ಬರ್ತಿದ್ದಿಲ್ಲ."

"ಬ್ಯಾರೆ ಯಾರಿಗೂ ಬರೂದಿಲ್ಲೇನು ಆ ಪದ?"

"ಇಲ್ರಿ. ಅವನ ಗುರು ಅವಗೊಬ್ಬಗ ಹೇಳಿಕೊಟ್ಟದ್ದು. ನಾಗರ ಅಮಾಸಿಗೆ ಇಲ್ಲೆ ಹಾಡಿದ್ದ. ನಿಮ್ಮಲ್ಲಿ ಇರತೈತಿ ಅಂತ ಬಂದೇವ್ರಿ."

ಅಡಿವೆಪ್ಪ ಗೋಡೆಗೆ ಒರಗಿ ನಿಂತಿದ್ದ. ಒಳಗೆ ಹೋದ. ಮೊದಲ ಡಿಸ್ಕಿನಲ್ಲಿ ಇಲ್ಲ, ಗೊತ್ತಿತ್ತು. ಆದರೂ ನೋಡಿದ. ಎರಡನೆಯದರಲ್ಲಿ ಇಲ್ಲ, ಅದೂ ಗೊತ್ತಿತ್ತು. ಕಸದಬುಟ್ಟಿ ತೊಳೆದಿಟ್ಟ ತಾಟಿನ ಹಾಗಿತ್ತು.

ಹೊರಗೆ ಬಂದ. ಮಾತಿಗೆ ಮುಂಚೆ ಬರಬೇಕಾದ ಕೆಮ್ಮು ಬರಲಿಲ್ಲ.

"ಅವ್ವಾರೆ, ನಾಗರ ಅಮಾಸಿದು ತಗದು ಒಗದೀನ್ರಿ."

"ಯಾಕ?"

"ನೀವು ಹೇಳಿದ್ರಿ."

"ನಾ ಪಂಪಿನ ಸದ್ದಿಂದು ತಗಿ ಅಂದಿದ್ದೆ."

"ಪಂಪಿನ ಸದ್ದು ಇದ್ದದ್ದು ಮಣ್ಣೆತ್ತಿನ ಅಮಾಸಿದರಾಗ್ರಿ."

ಅವ್ವಾರು ನೆನಪು ಮಾಡಿಕೊಂಡರು. "ಹೌದು. ಹಂಗಾರ ನಾ ತಪ್ಪು ಹೇಳೀನಿ." ಮನೆಯಲ್ಲಿ ಉಪ್ಪು ತೀರಿದೆ ಅನ್ನುವಷ್ಟೇ ಸಲೀಸಾಗಿ ಹೇಳಿದರು. "ನಿನಗ ಆವಾಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ಮತ್ತ?"

"ನಿಮ್ಮ ತಪ್ಪು ನಿಮಗ ನಾ ಹೆಂಗ ಹೇಳ್ಲಿರಿ?"

"ಬಾಯಿಲೆ."

ಮಾಬುಬಿ ಒಮ್ಮೆ ಅವ್ವಾರನ್ನು, ಒಮ್ಮೆ ಅಡಿವೆಪ್ಪನನ್ನು ನೋಡಿದಳು. ಏನೋ ಹೋಯಿತು ಎಂದು ಅವಳಿಗೆ ತಿಳಿಯಿತು. ದಾವಲಸಾಬರ ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ಎರಡನೇ ಡಿಸ್ಕಿನ್ಯಾಗ?" ಎಂದರು ಅವ್ವಾರು.

"ಇಲ್ರಿ." ಅಡಿವೆಪ್ಪನ ಧ್ವನಿ ಸಣ್ಣದಾಯಿತು. "ಒಂದ ಇತ್ರಿ."

ಅವ್ವಾರು ತಲೆಯಾಡಿಸಿದರು. ಇಷ್ಟು ದಿನಕ್ಕೆ ಅವನು ವೇದಾಂತದಿಂದ ಕೆಳಗಿಳಿದಿದ್ದ.

"ಇನ್ನ ಯಾರನ ಕೇಳಬೇಕು, ನೀನ ಯೋಚನಿ ಮಾಡು."

ಯೋಚನೆ ಮಾಡುವುದೇನಿತ್ತು. ಅಡಿವೆಪ್ಪ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ಕಲ್ಲವ್ವ ರೊಟ್ಟಿ ಬಡಿಯುತ್ತಿದ್ದಳು.

"ಕಲ್ಲವ್ವ, ನಿನ್ನ ಡಿಸ್ಕಿನ್ಯಾಗ ನಾಗರ ಅಮಾಸಿದು ಐತೇನು?"

"ಯಾಕ?"

ಹೇಳಿದ. ಪೂರ್ತಿ ಹೇಳಿದ.

"ಆ ಹಳೇ ಕಸದಾಗ ಹುಡಕಬೇಕೇನಣ್ಣಾ?"



ಕಲ್ಲವ್ವ ಕೈ ಕೊಡವಿ ಎದ್ದಳು. "ನಾ ಅಳಿಸಿಲ್ಲ, ಅದು ಖರೆ. ಆದ್ರ ಆ ತಿಂಗಳ ಪ್ರತಿ ತಗದಿದ್ನೋ ಇಲ್ಲೋ, ಅದು ನೆನಪಿಲ್ಲ ನೋಡು."

ಅಕ್ಕಿಯಲ್ಲಿ ಮೊಣಕೈವರೆಗೆ ಕೈ ಇಳಿಸಿ ಡಿಸ್ಕು ಹೊರತೆಗೆದಳು. ಎಲ್ಲರೂ ಕಂಪ್ಯೂಟರಿನ ಕೋಣೆಗೆ ಬಂದರು. ದಾವಲಸಾಬರ ಕುರ್ಚಿಯನ್ನೂ ಎತ್ತಿ ತಂದರು. ಚೀಲ ಬಿಚ್ಚಿದಾಗ ಕೀಲಿಮಣೆಯ ಮೇಲೆ ನಾಲ್ಕು ಅಕ್ಕಿಕಾಳು ಉದುರಿದವು. ಅಡಿವೆಪ್ಪ ಅವನ್ನು ಆಯಲಿಲ್ಲ. ಡಿಸ್ಕು ಜೋಡಿಸಿದ.

ಮಣ್ಣೆತ್ತಿನ ಅಮಾವಾಸ್ಯೆ ಇತ್ತು. ಅದರ ಕೆಳಗೆ ನಾಗರ ಅಮಾವಾಸ್ಯೆ ಇತ್ತು.

ಒತ್ತಿದ. ಫೋಲ್ಡರಿನ ಮೇಲೆ ಸಣ್ಣ ಬೀಗ. ಇದನ್ನು ತೆರೆಯಲು ನಿಮಗೆ ಅನುಮತಿ ಇಲ್ಲ ಎಂದು ಬಂತು.

"ನನ್ನ ಹೆಸರಿಲೆ ಐತಿ" ಎಂದಳು ಕಲ್ಲವ್ವ.

ಇಡೀ ಯಂತ್ರಕ್ಕೆ ಒಡೆಯನಾಗುವ ಪಾಸ್‌ವರ್ಡ್ ಅಡಿವೆಪ್ಪನಿಗೆ ಗೊತ್ತಿತ್ತು. ಅದನ್ನು ಹೊಡೆದರೆ ಯಾವ ಬೀಗವೂ ನಿಲ್ಲದು. ಬೆರಳು ಕೀಲಿಮಣೆಗೆ ಹೋಯಿತು. ಅಲ್ಲೇ ತಡೆಯಿತು. ಅವ್ವಾರ ಮುಖ ನೋಡಿದ. ಅವ್ವಾರು ಕಿಟಕಿಯಾಚೆ ನೋಡುತ್ತಿದ್ದರು.

"ಕಲ್ಲವ್ವ, ತಗದು ಕೊಡ್ತೀಯೇನು?"

"ಈಗ ಕೇಳಿದಿ ನೋಡು. ಸರಿ ಅತ್ತಾಗ."

ಹಿಟ್ಟಿನ ಬೆರಳಿನಲ್ಲಿ ತನ್ನ ಪಾಸ್‌ವರ್ಡ್ ಹೊಡೆದಳು. ಬೀಗ ಹೋಯಿತು.

ಅಡಿವೆಪ್ಪನಿಗೆ ಉಸಿರು ಬಂತು. ಆತುರವೂ ಬಂತು. "ಎಲ್ಲಾ ಒಮ್ಮೆಲೆ ನಮ್ಮದರ ಮ್ಯಾಲ ಸುರುವಿಬಿಡ್ಲ್ಯಾ?"

"ಸುರುವಿದ್ರ ನನ್ನ ಹಳೇದು ನಿನ್ನ ಹೊಸಾದನ್ನ ನುಂಗತೈತಿ."

"ಅವ್ವಾರೆ, ಏನ ಮಾಡ್ಲಿರಿ?"

"ನನ್ನ ಮಾತು ಕೇಳಿದ್ದಕ್ಕ ಏನಾತು, ಈಗಷ್ಟ ನೋಡಿದ್ಯಲ್ಲ" ಎಂದರು ಅವ್ವಾರು ಕಿಟಕಿಗೆ.

ಅಡಿವೆಪ್ಪ ಬೇರೆ ಕಡೆ ಒಂದು ಖಾಲಿ ಫೋಲ್ಡರು ಮಾಡಿದ. ನಾಗರ ಅಮಾವಾಸ್ಯೆಯದನ್ನಷ್ಟೇ ಅದಕ್ಕೆ ಇಳಿಸಿದ. "ಮೊದಲ ಕೇಳೂಣು. ನೆಟ್ಟಗಿದ್ರ ಆಮ್ಯಾಲ ಅದರ ಜಾಗಾಕ್ಕ ಇಡ್ತೀನಿ" ಎಂದ. ಯಾರನ್ನೂ ಕೇಳಿದ್ದಲ್ಲ, ಹೇಳಿದ್ದು.

ಏಕತಾರಿ ಮಿಡಿಯಿತು. ದಮ್ಮಡಿಯ ಬಡಿತ ಸೇರಿತು. ಆಮೇಲೆ ದಾವಲಸಾಬರ ಧ್ವನಿ.

ಕುರ್ಚಿಯಲ್ಲಿದ್ದ ದಾವಲಸಾಬರು ತಲೆ ಎತ್ತಿದರು. ಯಾರೋ ಗುರುತಿನವರು ಬಾಗಿಲಿಗೆ ಬಂದ ಹಾಗೆ ಪೆಟ್ಟಿಗೆಯನ್ನು ನೋಡಿದರು. ಎಡಗೈ ಎದ್ದು ಕುರ್ಚಿಯ ಕೈ ಮೇಲೆ ತಾಳ ಹಾಕತೊಡಗಿತು.

ಒಂದನೆಯ ನುಡಿ ಹೋಯಿತು. ಎರಡನೆಯದು, ಮೂರನೆಯದು. ಮಾಬುಬಿ ತುಟಿ ಅಲುಗಿಸುತ್ತ ಜೊತೆಗೆ ನಡೆದಳು. ಮಾತಿಗೆ ಮಾತು ಸರಿಯಿತ್ತು.

ನಾಲ್ಕನೆಯ ನುಡಿ ಬಂತು. ಮೊದಲ ಸಾಲು ಮುಗಿಯಿತು.

ಎಡಗೈ ನಿಂತಿತು.

ಪೆಟ್ಟಿಗೆಯೊಳಗಿನ ಧ್ವನಿಯೂ ನಿಂತಿತು.

ಕೆಟ್ಟಿದೆ ಎಂದು ಅಡಿವೆಪ್ಪ ಮುಂದೆ ಬಾಗಿದ. ಕೆಟ್ಟಿರಲಿಲ್ಲ. ಆ ಮೌನದಲ್ಲಿ ಅವತ್ತಿನ ಕಪ್ಪೆಗಳು ಕೇಳುತ್ತಿದ್ದವು. ಯಾರೋ ಸಣ್ಣಗೆ ಕೆಮ್ಮಿದ್ದು ಕೇಳಿತು, ಅದು ಅವ್ವಾರು. ಹೊಳೆ ಹರಿಯುವುದು ಕೇಳಿತು. ಒಂದು ಉಸಿರಿನಷ್ಟು ಹೊತ್ತು ಹಾಗೇ ಇತ್ತು.

ಆಮೇಲೆ ಧ್ವನಿ ಎದ್ದಿತು. ಅದರ ಜೊತೆಗೇ ಎಡಗೈ ಎದ್ದಿತು.

ಪದ ಮುಗಿದರೂ ಮಾಬುಬಿ ಅಪ್ಪನ ಕೈಯನ್ನೇ ನೋಡುತ್ತಿದ್ದಳು.

"ತಪ್ಪು ಅಂದಿದ್ದಲ್ಲ ಅಂವ" ಎಂದಳು. "ನಿಲ್ಲು ಅಂದಿದ್ದ."

ದಾವಲಸಾಬರು ಮಗಳ ಕಡೆ ಮಾರಿ ತಿರುಗಿಸಿ, ಕುರ್ಚಿಯ ಕೈ ಮೇಲೆ ಎಡಗೈಯಿಂದ ಮೊದಲಿನಿಂದ ತಾಳ ಶುರು ಮಾಡಿದರು. ಮಾಬುಬಿ ಹಾಡಿದಳು. ನಾಲ್ಕನೆಯ ನುಡಿಯಲ್ಲಿ ನಿಂತಳು. ಆಮೇಲೆ ಅವಳ ಧ್ವನಿ, ಅಪ್ಪನ ಕೈ ಒಟ್ಟಿಗೆ ಎದ್ದವು.

ಕಲ್ಲವ್ವ ರೊಟ್ಟಿ ತಂದಳು. ದಾವಲಸಾಬರು ಬಾಯಿ ತೆರೆದರು.

ಟಂಟಂ ಹೊರಡುವ ಹೊತ್ತಿಗೆ ಮಾಬುಬಿಯ ಫೋನಿನಲ್ಲಿ ಆ ಪದವಿತ್ತು. ಮೊದಲ ಡಿಸ್ಕಿನಲ್ಲಿ ಅದರ ಜಾಗದಲ್ಲಿ ಅದಿತ್ತು. ಕಲ್ಲವ್ವನ ಡಿಸ್ಕು ಮತ್ತೆ ಅಕ್ಕಿಯೊಳಗೆ ಹೋಗಿತ್ತು.

ಅಡಿವೆಪ್ಪ ಅವ್ವಾರ ಹತ್ತಿರ ಬಂದು ಕೂತ.

"ನಾಳಿಂದ ನಾನೂ ಕಲ್ಲವ್ವನಂಗ ಮಾಡ್ಲಿರಿ ಅವ್ವಾರೆ?"

"ಕಲ್ಲವ್ವನಂಗ ಮಾಡಾಕ ಕಲ್ಲವ್ವ ಅದಾಳ."

ದೀಪ ಹಚ್ಚುವ ಹೊತ್ತಾಗಿತ್ತು. ಅಡಿವೆಪ್ಪ ಎದ್ದು ಕೋಣೆಯ ಕಡೆ ಹೊರಟ, ಬಲಗಾಲು ಎಳೆಯುತ್ತ.

ಹಿಂದಿನಿಂದ ಅವ್ವಾರು ಕರೆದರು.

"ಅಡಿವೆಪ್ಪಾ, ಮೊಣಕಾಲು ನೋವು ನನಗೈತಿ. ನೀ ನೆಟ್ಟಗ ನಡಿ."